ಗೋವೆಯ ಕಡಲತಡಿಯ ವ್ಯಾಪಾರ ಮತ್ತು ನಮ್ಮ ಲಂಬಾಣಿ ಹೆಣ್ಣುಮಕ್ಕಳು

ದೀಪಾವಳಿಯಿಂದ ಹೊಸ ವರ್ಷದವರೆಗಿನ ರಜೆಯ ದಿನಗಳಲ್ಲಿ ಪುಣೆಯ ಕನ್ನಡ ಕುಟುಂಬಗಳು ಮೊದಲು ನೆನೆಯುವ ಊರುಗಳಲ್ಲಿ ಗೋವಾ ಒಂದು. ಸುಮಾರು ನಾನೂರೈವತ್ತು ಕಿಲೋಮೀಟರುಗಳ ದಾರಿ. ಕೊಲ್ಹಾಪುರ ದಾಟಿ ಆಂಬೋಲಿ ಘಟ್ಟವನ್ನು ಇಳಿಯಬಹುದು, ಇಲ್ಲವೇ ಬೆಳಗಾವಿಯ ನಂಟರನ್ನು ಕಂಡು ಚೋರ್ಲಾ ಘಟ್ಟದ ಮೂಲಕ ಸಾಗಬಹುದು. ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಏನನ್ನು ಕೊಂಡೆವು ಎಂಬುದು ಮನೆಯವರೆಲ್ಲರಿಗೂ ತಿಳಿದಿರುತ್ತದೆ. ಯಾರಿಂದ ಕೊಂಡೆವು ಎಂಬುದು ಮಾತ್ರ ಮರೆತುಹೋಗಿರುತ್ತದೆ. ಇಂದಿನ ಲೇಖನದ ವಿಷಯ ಆ ಎರಡನೆಯ ಪ್ರಶ್ನೆ.

ಗೋವೆಯಲ್ಲಿ ಪ್ರವಾಸಿಗಳಿಗಾಗಿ ನಡೆಯುವ ವ್ಯಾಪಾರವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಗೋವೆಯದೇ ಆದ ಸರಕು. ಮಾಪುಸಾದ ಶುಕ್ರವಾರದ ಸಂತೆಯ ಮಸಾಲೆ, ಗೇರುಬೀಜ, ಕೋಕಂ ಮುಂತಾದವು ಇದರಲ್ಲಿ ಸೇರುತ್ತವೆ. 2009ರಲ್ಲಿ ಭೌಗೋಳಿಕ ಗುರುತು ಪಡೆದ ಫೆನಿ ಹಾಗೂ 2023ರಲ್ಲಿ ಅದೇ ಗುರುತನ್ನು ಪಡೆದ ಬೆಬಿಂಕಾ ಎಂಬ ಪದರುಪದರಿನ ಸಿಹಿತಿಂಡಿಯೂ ಇದೇ ಬಗೆಯವು. ಎರಡನೆಯದು ಕಲಂಗುಟ್, ಬಾಗಾ, ಕೊಲ್ವಾ ಮೊದಲಾದ ಕಡೆ ರಸ್ತೆಯುದ್ದಕ್ಕೂ ಸಾಲುಗಟ್ಟಿರುವ ಅಂಗಡಿಗಳು. ಕಾಶ್ಮೀರದ ಶಾಲು, ರಾಜಸ್ಥಾನದ ಹೊದಿಕೆ, ಟಿಬೆಟಿನ ಮಣಿಸರ ಎಲ್ಲವೂ ಅಲ್ಲಿ ದೊರೆಯುತ್ತವೆ. ಇವಕ್ಕೆ ಬಾಡಿಗೆಯ ಕರಾರಿದೆ, ಪರವಾನಗಿಯಿದೆ, ಫಲಕವಿದೆ. ಮೂರನೆಯದು ಫಲಕವಿಲ್ಲದ ಅಂಗಡಿ. ಮರಳಿನ ಮೇಲೆ ನಡೆದಾಡುವ ಅಂಗಡಿ. ಹೆಗಲ ಮೇಲೆ ಬಟ್ಟೆಯ ಗಂಟು, ಮೊಣಕೈವರೆಗೂ ಸರಗಳು, ತೋಳಿನ ತುಂಬ ಬಿಳಿಯ ಬಳೆಗಳು. ಈ ಅಂಗಡಿಯನ್ನು ಹೊತ್ತು ತಿರುಗುವವರಲ್ಲಿ ಗಣನೀಯ ಭಾಗ ಕರ್ನಾಟಕದ, ಅದರಲ್ಲಿಯೂ ಉತ್ತರ ಕರ್ನಾಟಕದ ತಾಂಡಾಗಳಿಂದ ಬಂದ ಲಂಬಾಣಿ ಹೆಣ್ಣುಮಕ್ಕಳು. ಗೋವೆಯವರು ಅವರನ್ನು ‘ಲಮಾಣಿ’ ಎನ್ನುತ್ತಾರೆ. ಮನೆಯಲ್ಲಿ ಗೋರ್‌ಬೋಲಿ, ಊರಿನಲ್ಲಿ ಕನ್ನಡ, ಕಡಲತಡಿಯಲ್ಲಿ ಹಿಂದಿ, ಕೊಂಕಣಿ, ಸಾಕಾಗುವಷ್ಟು ಇಂಗ್ಲಿಷ್, ರಷ್ಯನ್ ಭಾಷೆಯ ನಾಲ್ಕು ಮಾತು: ಇದು ಅವರ ವಿದ್ಯಾಭ್ಯಾಸ.

ಈ ವ್ಯಾಪಾರ ಇಂದಿನದಲ್ಲ. ಅಂಜುಣಾದಲ್ಲಿ 1970ರ ದಶಕದಲ್ಲಿ ಹಿಪ್ಪಿಗಳು ತಮ್ಮ ಹಳೆಯ ವಸ್ತುಗಳನ್ನು ಮಾರಿ ಊರಿಗೆ ಮರಳುವ ಖರ್ಚನ್ನು ಹೊಂದಿಸಿಕೊಳ್ಳಲು ಆರಂಭಿಸಿದ ಸಂತೆಯೇ ಮುಂದೆ ಹೆಸರಾಂತ ಬುಧವಾರದ ಸಂತೆಯಾಯಿತು. ಕನ್ನಡಿ, ಕವಡೆ, ನಾಣ್ಯಗಳನ್ನು ಹೊಲಿದ ಲಂಬಾಣಿ ಕಸೂತಿ ಪರದೇಶದವರ ಕಣ್ಣಿಗೆ ಬಿದ್ದದ್ದು ಇಂತಹ ಸಂತೆಗಳಲ್ಲಿ. ಫೇಟಿಯಾ, ಕಾಂಚಳಿ, ಟುಕ್ರಿ ಎಂದು ಲಂಬಾಣಿ ಹೆಣ್ಣು ತಾನುಡಲೆಂದೇ ವರ್ಷಗಟ್ಟಲೆ ಕುಳಿತು ಹೊಲಿದುಕೊಂಡ ಉಡುಪು ತುಂಡುತುಂಡಾಗಿ ಚೀಲವಾಯಿತು, ದಿಂಬಿನ ಚೀಲವಾಯಿತು, ಗೋಡೆಯ ಅಲಂಕಾರವಾಯಿತು.

ಇತಿಹಾಸದ ವ್ಯಂಗ್ಯವೊಂದನ್ನು ಇಲ್ಲಿ ಗಮನಿಸಬೇಕು. ‘ಲವಣ’ ಎಂಬ ಶಬ್ದದಿಂದಲೇ ಲಂಬಾಣಿ ಎಂಬ ಹೆಸರು ಬಂದಿತೆಂದು ಹಲವರು ಹೇಳುತ್ತಾರೆ. ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಹೇರಿಕೊಂಡು ಘಟ್ಟವೇರುವುದು, ಬಯಲುಸೀಮೆಯ ಧಾನ್ಯವನ್ನು ಹೊತ್ತು ಇಳಿಯುವುದು ಈ ಸಮುದಾಯದ ಕಸುಬಾಗಿತ್ತು. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ರೈಲು ಬಂದಿತು, ಎತ್ತಿನ ಸಾಲು ನಿಂತಿತು. ಅಲೆಯುವವರನ್ನು ಅನುಮಾನದಿಂದ ಕಂಡ ಸರ್ಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹಲವು ಪ್ರಾಂತಗಳಲ್ಲಿ ಬಂಜಾರರನ್ನೂ ಪಟ್ಟಿಗೆ ಸೇರಿಸಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಳಂಕವನ್ನು ಅಳಿಸಿತು. ಮಹಾರಾಷ್ಟ್ರದಲ್ಲಿ ಇಂದಿಗೂ ಇವರನ್ನು ‘ವಿಮುಕ್ತ ಜಾತಿ’ ಎನ್ನುವುದು ಇದೇ ಕಾರಣದಿಂದ. ಒಂದು ಕಾಲಕ್ಕೆ ಕಡಲಿನಿಂದ ಸರಕು ಹೊತ್ತು ನಾಡಿಗೆ ಬಂದವರ ಮೊಮ್ಮಕ್ಕಳು ಇಂದು ನಾಡಿನಿಂದ ಸರಕು ಹೊತ್ತು ಕಡಲಿಗೆ ಹೋಗಿದ್ದಾರೆ. ಅಲ್ಲಿ ಅವರನ್ನು ಎದುರುಗೊಂಡಿರುವುದು ಮತ್ತೊಂದು ಕಾಯ್ದೆ.

ಗೋವೆಯಲ್ಲಿ 2001ರಿಂದಲೇ ಪ್ರವಾಸಿ ಸ್ಥಳಗಳ ಸಂರಕ್ಷಣೆ ಮತ್ತು ನಿರ್ವಹಣೆಯ ಕಾಯ್ದೆಯಿದೆ. 2025ರ ಮಳೆಗಾಲದ ಅಧಿವೇಶನದಲ್ಲಿ ಗೋವಾ ವಿಧಾನಸಭೆ ಇದಕ್ಕೆ ತಿದ್ದುಪಡಿಯನ್ನು ಅಂಗೀಕರಿಸಿತು. ಪ್ರವಾಸಿಗಳನ್ನು ಬೆನ್ನುಹತ್ತಿ ಕೊಳ್ಳಲು ಒತ್ತಾಯಿಸುವುದು, ಅವರ ಓಡಾಟಕ್ಕೆ ಅಡ್ಡಿಯಾಗುವಂತೆ ಮಾರುವುದು, ದಲ್ಲಾಳಿತನ, ಭಿಕ್ಷಾಟನೆ ಮುಂತಾದ ಉಪದ್ರವಗಳಿಗೆ ಕನಿಷ್ಠ 5,000 ರೂಪಾಯಿಗಳಿಂದ ಗರಿಷ್ಠ 1 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಲಾಯಿತು.

ಇದರ ಹಿಂದಿನ ದೂರು ಸುಳ್ಳಲ್ಲ. ಮಕ್ಕಳೊಡನೆ ಕಡಲತೀರದಲ್ಲಿ ಅರ್ಧ ಗಂಟೆ ಕುಳಿತ ಯಾವ ಗೃಹಸ್ಥನಿಗೂ ಹತ್ತು ಸಲ “ಬೇಡ” ಎಂದು ಹೇಳಿ ಬೇಸರ ಬಂದಿರುತ್ತದೆ. ಪ್ರವಾಸೋದ್ಯಮವನ್ನೇ ನೆಚ್ಚಿದ ಸಣ್ಣ ರಾಜ್ಯವೊಂದು ತನ್ನ ಅತಿಥಿಗಳ ನೆಮ್ಮದಿಯನ್ನು ಕಾಯುವುದು ತಪ್ಪೂ ಅಲ್ಲ. ಬಾಡಿಗೆ, ತೆರಿಗೆ ಕೊಟ್ಟು ಅಂಗಡಿ ಇಟ್ಟವರಿಗೂ ತಮ್ಮ ಎದುರಿನಲ್ಲೇ ಅದಾವುದೂ ಇಲ್ಲದೆ ವ್ಯಾಪಾರ ನಡೆಯುವುದು ಅಸಮಾಧಾನದ ಸಂಗತಿಯೇ.

ಆದರೆ ದಂಡದ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಒಂದು ಚೀಲವನ್ನು ಮಾರಿದರೆ ನೂರು ರೂಪಾಯಿ ಉಳಿಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕನಿಷ್ಠ ದಂಡವನ್ನು ತೆರಲು ಆಕೆ ಐವತ್ತು ಚೀಲಗಳನ್ನು ಮಾರಬೇಕು. ವಿಹಾರದ ದೋಣಿಗೆ ಗಿರಾಕಿಗಳನ್ನು ಎಳೆದು ತರುವ ದಲ್ಲಾಳಿಗೆ ಅದೇ ಮೊತ್ತ ಒಂದೆರಡು ದಿನಗಳ ಖರ್ಚಾಗಬಹುದು. ಹೀಗಾಗಿ ಒಂದೇ ಕಾನೂನು ಒಬ್ಬನಿಗೆ ಎಚ್ಚರಿಕೆಯಾದರೆ ಇನ್ನೊಬ್ಬಳಿಗೆ ಇಡೀ ಹಂಗಾಮಿನ ಬಾಳುವೆಯನ್ನೇ ಕಸಿಯುವಂಥದ್ದಾಗುತ್ತದೆ.

ಬೀದಿ ವ್ಯಾಪಾರಿಗಳಿಗೆ ಕೇಂದ್ರದ ರಕ್ಷಣೆ ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಆದರೆ ಈ ಕಾಯ್ದೆ ರೂಪುಗೊಂಡಿರುವುದು ಮುಖ್ಯವಾಗಿ ನಗರಗಳನ್ನೂ ಪಟ್ಟಣಗಳನ್ನೂ ಉದ್ದೇಶಿಸಿ. ಕಲಂಗುಟ್ ಮತ್ತು ಅಂಜುಣಾ ಎಷ್ಟೇ ಗಿಜಿಗುಟ್ಟಿದರೂ ಆಡಳಿತದ ದೃಷ್ಟಿಯಲ್ಲಿ ಗ್ರಾಮ ಪಂಚಾಯತಿಗಳು. ಮೇಲಾಗಿ ಈ ವ್ಯಾಪಾರಿಗಳು ನೆಲೆನಿಂತವರಲ್ಲ. ಮಳೆ ಬಿದ್ದೊಡನೆ ತಾಂಡಾಕ್ಕೆ ಮರಳುವ ಕುಟುಂಬಗಳು ಅನೇಕ. ಸಮೀಕ್ಷೆಯವರು ಬಂದಾಗ ಊರಿನಲ್ಲಿದ್ದರೆ ಗೋವೆಯ ಪಟ್ಟಿಯಲ್ಲಿಲ್ಲ, ಗೋವೆಯಲ್ಲಿದ್ದರೆ ಊರಿನ ಪಟ್ಟಿಯಲ್ಲಿಲ್ಲ.

ಬ್ಯಾಂಕಿನ ಮೇಜಿನ ಈಚೆಗೆ ಕುಳಿತವರಾಗಿ ನಮಗೆ ಹೆಚ್ಚು ತಟ್ಟುವ ಸಂಗತಿ ಇದು. 2020ರ ಜೂನ್‌ನಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗೆ ಜಾಮೀನಿಲ್ಲದೆ ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ ದೊರೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಅದನ್ನು 15,000ಕ್ಕೂ ಎರಡನೆಯ ಕಂತನ್ನು 25,000ಕ್ಕೂ ಏರಿಸಲಾಯಿತು. ಮೂರನೆಯ ಕಂತು 50,000. ಸಾಲ ನೀಡಿಕೆಯ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಲಾಯಿತು. ಸಕಾಲಕ್ಕೆ ತೀರಿಸಿದವರಿಗೆ ಬಡ್ಡಿಯಲ್ಲಿ ಶೇಕಡಾ 7ರ ಸಹಾಯಧನವುಂಟು. ಯೋಜನೆ ಒಳ್ಳೆಯದೇ. ಆದರೆ ಅರ್ಜಿಗೆ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು, ಇಲ್ಲವಾದರೆ ಶಿಫಾರಸು ಪತ್ರ ಬೇಕು. ಯಾವ ಊರಿನ ಲೆಕ್ಕಕ್ಕೂ ಸೇರದವಳಿಗೆ ಈ ಕಾಗದವನ್ನು ಕೊಡುವವರು ಯಾರು? ಕಾಗದವಿಲ್ಲದವಳಿಗೆ ಉಳಿಯುವ ದಾರಿ ಒಂದೇ: ಸಗಟು ವ್ಯಾಪಾರಿಯಿಂದ ಸರಕನ್ನು ಉದ್ದರಿಗೆ ತಂದು, ಆತ ಹೇಳಿದ ಬೆಲೆಗೆ ಒಪ್ಪಿ, ಮಾರಿ ತೀರಿಸುವುದು. ಆಕೆ ಬೆನ್ನುಹತ್ತಿ ಬೇಡುವುದರ ಹಿಂದೆ ಈ ಉದ್ದರಿಯ ಅವಸರವೂ ಇರುತ್ತದೆಂಬುದನ್ನು ಮರೆಯಲಾಗದು.

ಇನ್ನೂ ಒಂದು ತೊಡಕಿದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯವರು, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದವರು, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವರು. ಗೋವೆಯ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಚೋರ್ಲಾ ಘಟ್ಟವನ್ನು ಇಳಿದೊಡನೆ ಮಕ್ಕಳ ವಿದ್ಯಾರ್ಥಿವೇತನದ ಅರ್ಹತೆಯೂ ಪ್ರಶ್ನೆಗೊಳಗಾಗುತ್ತದೆ. 2004ರ ಜೂನ್‌ನಲ್ಲಿ ವಾಸ್ಕೋದ ಬೈಣಾ ಕಡಲತೀರದ ಗುಡಿಸಲುಗಳನ್ನು ಮಳೆಗಾಲದಲ್ಲಿಯೇ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಬಹಳ. ವಲಸಿಗರ ಪಾಲಿಗೆ ಎರಡೂ ರಾಜ್ಯಗಳು ‘ಅವರದು ನಮ್ಮ ಹೊಣೆಯಲ್ಲ’ ಎಂದರೆ ಏನಾಗುವುದೆಂಬುದಕ್ಕೆ ಅದೊಂದು ಪಾಠ.

ಹಾಗಾದರೆ ಕರ್ನಾಟಕ ಏನು ಮಾಡಬಹುದು? ದಾರಿ ಇಲ್ಲದೆ ಇಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿಯೇ ಭೌಗೋಳಿಕ ಗುರುತು ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದೊಡನೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಜಗತ್ತಿನ ಅತಿಥಿಗಳ ಮುಂದೆ ಹೆಮ್ಮೆಯಿಂದ ತೂಗುಹಾಕಿದ ಅದೇ ಕುಸುರಿ ಇನ್ನೂರೈವತ್ತು ಮೈಲಿಯೊಳಗಿನ ಕಡಲತಡಿಯಲ್ಲಿ ಉಪದ್ರವವೆನಿಸುವುದು ಸೋಜಿಗ. ಕೈಕೆಲಸ ಒಂದೇ, ವ್ಯತ್ಯಾಸವಿರುವುದು ಅದನ್ನು ಮಾರಲು ಒದಗಿಸಿದ ಸ್ಥಳದಲ್ಲಿ.

ಈ ಸ್ಥಳದ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲಿಯೇ ಇದೆ. 1994ರಲ್ಲಿ ಆರಂಭವಾದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಹದಿನೈದು ದಿನಗಳ ಸರದಿಯಂತೆ ಅಲ್ಪ ಬಾಡಿಗೆಗೆ ಮಳಿಗೆಗಳನ್ನು ಕೊಡುವ ಪದ್ಧತಿ ಬಂದಿತು. ಗೋಕರ್ಣ, ಕಾರವಾರ, ಮುರುಡೇಶ್ವರಗಳಲ್ಲಿ ಇಂತಹ ಸರದಿಯ ಮಳಿಗೆಗಳನ್ನು ಕಟ್ಟಿದರೆ ಗೋವೆಯ ಗಡಿಯನ್ನು ದಾಟುವ ಅಗತ್ಯವೇ ಅನೇಕರಿಗೆ ಬೀಳದು. ಗೋವಾ ಸರ್ಕಾರದೊಡನೆ ಮಾತನಾಡಿ, ಅಲ್ಲಿ ಗೊತ್ತುಪಡಿಸಿದ ಜಾಗದಲ್ಲಿ, ಗುರುತಿನ ಚೀಟಿಯೊಡನೆ, ಸ್ಥಳೀಯ ವ್ಯಾಪಾರಿಗಳ ಪಾಲಿಗೆ ಧಕ್ಕೆಯಾಗದಂತೆ ವ್ಯವಸ್ಥೆ ಮಾಡಿಸುವುದೂ ಅಸಾಧ್ಯವಲ್ಲ. ಕುಳಿತು ಮಾರುವ ಅವಕಾಶ ದೊರೆತವಳು ಯಾರನ್ನೂ ಬೆನ್ನುಹತ್ತುವುದಿಲ್ಲ. ಪ್ರವಾಸಿಯ ನೆಮ್ಮದಿಗೂ ದಂಡಕ್ಕಿಂತ ಇದೇ ಬಾಳಿಕೆಯ ಪರಿಹಾರ.

ಕೊಳ್ಳುವವರಾದ ನಮಗೂ ಒಂದು ಪಾತ್ರವಿದೆ. ಇಂದು ಕಡಲತಡಿಯಲ್ಲಿ ಮಾರುವ ವಸ್ತುಗಳೆಲ್ಲವೂ ತಾಂಡಾದಲ್ಲಿ ಹೊಲಿದವಲ್ಲ; ಯಂತ್ರದ ಕಸೂತಿಯೂ ಅದೇ ಗಂಟಿನಲ್ಲಿರುತ್ತದೆ. ಬಟ್ಟೆಯನ್ನು ತಿರುವಿ ನೋಡಿದರೆ ತಿಳಿಯುತ್ತದೆ. ಕೈಹೊಲಿಗೆಯ ಹಿಂಬದಿಯಲ್ಲಿ ಗಂಟುಗಳೂ ಏರುಪೇರುಗಳೂ ಕಾಣುತ್ತವೆ. ಯಂತ್ರದ ಹೊಲಿಗೆ ಉದ್ದಕ್ಕೂ ಒಂದೇ ಸಮ. ತುಳಶೀಬಾಗಿನಲ್ಲಿ ಚೌಕಾಶಿ ಮಾಡಿ ಪಳಗಿದ ನಮ್ಮ ಗೃಹಿಣಿಯರಿಗೆ ಬೆಲೆಯನ್ನು ಇಳಿಸುವ ಕಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಿಜವಾದ ಕೈಕೆಲಸಕ್ಕೆ ಅದು ಬೇಡುವ ದಿನಗಳ ಲೆಕ್ಕದಲ್ಲಿ ಬೆಲೆ ಕಟ್ಟುವುದು ನ್ಯಾಯ. ಬೇಡವಾದರೆ ಬೇಡವೆಂದು ಹೇಳಲು ಎಲ್ಲರಿಗೂ ಹಕ್ಕಿದೆ. ಆ ಮಾತನ್ನು ಕನ್ನಡದಲ್ಲಿ ಹೇಳಿದರೆ, “ಯಾವೂರ್ರೀ ನಿಮ್ದು?” ಎಂಬ ಉತ್ತರ ಬಂದರೂ ಬರಬಹುದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರೇ ಕಟ್ಟಿದ ಸಂಘಗಳು ನಮ್ಮವು. ನಮ್ಮಲ್ಲಿ ಬಹುತೇಕರಿಗೆ ನೌಕರಿಯ ಆದೇಶಪತ್ರ ಕೈಯಲ್ಲಿತ್ತು, ಅವರಿಗೆ ಬಟ್ಟೆಯ ಗಂಟು. ಹೊರನಾಡ ಕನ್ನಡಿಗರೆಂದು ಕರ್ನಾಟಕ ಸರ್ಕಾರದ ಮುಂದೆ ನಾವು ಸಲ್ಲಿಸುವ ಮನವಿಗಳ ಪಟ್ಟಿಯಲ್ಲಿ ಭವನ, ಶಾಲೆ, ಅನುದಾನಗಳ ಜೊತೆಗೆ ಈ ಹೆಣ್ಣುಮಕ್ಕಳಿಗೆ ಒಂದು ಮಳಿಗೆ, ಒಂದು ಗುರುತಿನ ಚೀಟಿ ಎಂಬ ಎರಡು ಸಾಲುಗಳೂ ಸೇರಲಿ.