ತೇಪೆಯ ಲೆಕ್ಕ ಯಾರು ಹಾಕಬೇಕು?

ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳು ದಿನ ಬೆಳಗಾದರೆ ಕೇಳುವ ಮಾತೊಂದಿದೆ: "ಸದ್ಯಕ್ಕೆ ಹೇಗಾದರೂ ಓಡಿಸು." ಬೇರಿಂಗು ಸವೆದರೆ ಸದ್ಯಕ್ಕೆ ಒಂದು ತಗಡಿನ ತುಂಡು, ಪೈಪು ಸೋರಿದರೆ ಸದ್ಯಕ್ಕೆ ಒಂದು ಪಟ್ಟಿ, ಬೋಲ್ಟು ಸಿಗದಿದ್ದರೆ ಸದ್ಯಕ್ಕೆ ತಂತಿ. ಈ 'ಸದ್ಯಕ್ಕೆ' ಎಂಬುದು ಎಷ್ಟೋ ಯಂತ್ರಗಳಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡಿರುತ್ತದೆ. ಹಿಟ್ಟಿನ ಗಿರಣಿ, ಎಣ್ಣೆ ಗಾಣ ಇಟ್ಟುಕೊಂಡ ಸಣ್ಣ ವ್ಯಾಪಾರಿಗಳೂ ಇದಕ್ಕೆ ಹೊರತಲ್ಲ. ಅವರ ಕೈ ಬಿಗಿಯಾಗಿರುವುದನ್ನು ನಾವು ಬಲ್ಲೆವು. ತೇಪೆ ಹಾಕುವುದೇ ತಪ್ಪೆಂದು ನಾವು ಹೇಳುವುದಿಲ್ಲ. ತೇಪೆಗೂ ಲೆಕ್ಕ ಬೇಕು ಎನ್ನುತ್ತೇವೆ.

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಫ್ಲಿಕ್ಸ್‌ಬರೋ ಎಂಬ ಹಳ್ಳಿಯ ಬಳಿ, ನೈಲಾನಿಗೆ ಬೇಕಾದ ಕಚ್ಚಾ ವಸ್ತುವನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ಅಲ್ಲಿ ಆರು ಭಾರಿ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಒಂದಕ್ಕಿಂತ ಮುಂದಿನದು 14 ಅಂಗುಲ ತಗ್ಗಿನಲ್ಲಿ. ಒಳಗೆ ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುವ ಸೈಕ್ಲೊಹೆಕ್ಸೇನ್ ಎಂಬ ದ್ರವ, 155 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ. 1974ರ ಮಾರ್ಚ್ 27ರಂದು ಐದನೆಯ ಹಂಡೆಯಲ್ಲಿ ಉದ್ದನೆಯ ಬಿರುಕು ಕಂಡಿತು. ಆ ಹಂಡೆಯನ್ನು ಕಿತ್ತು, ನಾಲ್ಕರಿಂದ ಆರಕ್ಕೆ ನೇರವಾಗಿ ಪೈಪು ಹಾಕಿ ಓಡಿಸುವುದೆಂದು ತೀರ್ಮಾನವಾಯಿತು. ಹಂಡೆಯ ಬಾಯಿ 28 ಅಂಗುಲದ್ದು. ಕೈಗೆ ಸಿಕ್ಕ ಪೈಪು 20 ಅಂಗುಲದ್ದು. ಎರಡು ಬಾಯಿಗಳೂ ಒಂದೇ ಮಟ್ಟದಲ್ಲಿರಲಿಲ್ಲವಾಗಿ ಪೈಪನ್ನು ಕತ್ತರಿಸಿ, ಸೊಟ್ಟಗೆ ಬೆಸೆದು, ಎರಡೂ ತುದಿಗೆ ಹಾರ್ಮೋನಿಯಂ ತಿದಿಯಂಥ ಮಡಿಕೆಯ ಉಕ್ಕಿನ ಕೊಳವೆಗಳನ್ನು ಕೂಡಿಸಿದರು. ಕೆಳಗೆ ಆಧಾರಕ್ಕೆ ಗಾರೆ ಕೆಲಸದವರು ಕಟ್ಟುವಂಥ ಅಟ್ಟಣೆಯ ಕೊಳವೆಗಳು. ಏಪ್ರಿಲ್ 1ಕ್ಕೆ ಕಾರ್ಖಾನೆ ಮತ್ತೆ ಶುರು!

ಈ ಜೋಡಣೆಗೆ ಇದ್ದ ನಕ್ಷೆ ಒಂದೇ: ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ಸೀಮೆಸುಣ್ಣ ಹಿಡಿದೇ ಕೆಲವು ವರ್ಷ ಅನ್ನ ತಿಂದವರು ನಾವು, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಹಲಗೆಯ ಮೇಲಿನ ಲೆಕ್ಕವನ್ನು ಇಡೀ ತರಗತಿ ನೋಡುತ್ತದೆ, ತಪ್ಪಿದ್ದರೆ ಯಾವನೋ ಒಬ್ಬ ಹುಡುಗ ಕೈಯೆತ್ತುತ್ತಾನೆ. ಅಲ್ಲಿ ಕೈಯೆತ್ತಬಲ್ಲವರೇ ಇರಲಿಲ್ಲ. ಕಾರ್ಖಾನೆಯ ಮುಖ್ಯ ಯಂತ್ರ ಇಂಜಿನಿಯರ್ ಆ ವರ್ಷದ ಆರಂಭದಲ್ಲೇ ಕೆಲಸ ಬಿಟ್ಟಿದ್ದರು, ಜಾಗ ಖಾಲಿಯೇ ಉಳಿದಿತ್ತು.

ಲೆಕ್ಕವೇನೂ ಕಠಿಣವಲ್ಲ, ಮಿಡ್ಲ್ ಸ್ಕೂಲಿನ ಲೆಕ್ಕ. 28 ಅಂಗುಲದ ಬಾಯಿಗೆ ತ್ರಿಜ್ಯ 14. 14ನ್ನು 14ರಿಂದ, ಮತ್ತೆ 22/7ರಿಂದ ಗುಣಿಸಿದರೆ 616 ಚದರ ಅಂಗುಲ. ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 125 ಪೌಂಡು. ಅಂದರೆ ಒಂದೊಂದು ಬಾಯಲ್ಲೂ 77,000 ಪೌಂಡು, ಹತ್ತಿರ ಹತ್ತಿರ 34 ಟನ್ನಿನ ನೂಕು. ಎರಡು ನೂಕುಗಳೂ ಒಂದೇ ಗೆರೆಯಲ್ಲಿ ಎದುರುಬದುರಾಗಿದ್ದರೆ ಒಂದನ್ನೊಂದು ತಡೆದಾವು. ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದಾಗ ಪೈಪು ತಿರುಚಿಕೊಳ್ಳದೆ ಇನ್ನೇನಾದೀತು? ನೇರ ಪೈಪು ಒತ್ತಡ ತಡೆಯುತ್ತದೆಯೇ ಎಂದು ನೋಡಿದವರು ಈ ತಿರುಚುವ ಬಲವನ್ನು ನೋಡಲಿಲ್ಲ. ಮಡಿಕೆಯ ಕೊಳವೆಗಳನ್ನು ಹೀಗೆ ಬಳಸಬಾರದೆಂದು ಅವನ್ನು ತಯಾರಿಸಿದವರ ಪುಸ್ತಕದಲ್ಲೇ ಇತ್ತು. ಅದನ್ನೂ ತೆರೆಯಲಿಲ್ಲ.

ತೇಪೆ ಎರಡು ತಿಂಗಳು ತಡೆಯಿತು. 1974ರ ಜೂನ್ 1, ಶನಿವಾರ ಸಂಜೆ ಐದಕ್ಕೆ ಕೆಲವು ನಿಮಿಷ ಮೊದಲು ಪೈಪು ಕಿತ್ತುಹೋಯಿತು. ಹೊರಬಿದ್ದ ಆವಿಯ ಮೋಡಕ್ಕೆ ಕಿಡಿ ತಾಗಿ 28 ಜನ ಸತ್ತರು. ಅವರಲ್ಲಿ 18 ಮಂದಿ ಕಂಟ್ರೋಲ್ ರೂಮಿನವರು. ರಜೆಯ ಹೊತ್ತಲ್ಲದೆ ವಾರದ ನಡುವೆ ಆಗಿದ್ದರೆ ಕಚೇರಿಯ ಜನವೂ ಉಳಿಯುತ್ತಿರಲಿಲ್ಲ. ಸುತ್ತಮುತ್ತ 1,821 ಮನೆಗಳಿಗೂ 167 ಅಂಗಡಿ, ಕಾರ್ಖಾನೆಗಳಿಗೂ ಹಾನಿಯಾಯಿತು. ಗಿರಣಿಯ ಗೋಡೆಯೊಳಗಿನ ವಿಚಾರ ನಮಗೇಕೆನ್ನುವ ಅಂಗಡಿಕಾರರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಲಿ.

ಮೊದಲ ಬಿರುಕು ಹೇಗೆ ಬಂತೆಂಬುದೂ ಕೇಳತಕ್ಕದ್ದೇ. ಹಂಡೆಯ ಮೇಲ್ಗಡೆ ಸಣ್ಣ ಸೋರಿಕೆಯಿತ್ತು. ಅದನ್ನು ತಣಿಸಲು 'ಸದ್ಯಕ್ಕೆ' ನೀರು ಹಾಯಿಸುತ್ತಿದ್ದರು. ಆ ನೀರಿನಲ್ಲಿದ್ದ ನೈಟ್ರೇಟು ಉಕ್ಕನ್ನು ಬಿರಿಯಿಸಿತ್ತು. ತೇಪೆಯ ಹೊಟ್ಟೆಯಿಂದಲೇ ಇನ್ನೊಂದು ತೇಪೆ ಹುಟ್ಟಿತು.

ಇದೆಲ್ಲ ಖಾಸಗಿ ಮಾಲೀಕನ ದುರಾಸೆ ಎಂದು ಬರೆದು ಮುಗಿಸುವುದು ನಮಗೆ ಸುಲಭವಾಗಿತ್ತು. ಆದರೆ ಆ ಕಾರ್ಖಾನೆ ಡಚ್ ಸರ್ಕಾರದ ಗಣಿ ಸಂಸ್ಥೆ ಮತ್ತು ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಕೂಡು ಒಡೆತನದ್ದು. ಒಡೆತನ ಸಾರ್ವಜನಿಕವಾದ ಮಾತ್ರಕ್ಕೆ ಪೈಪು ಗಟ್ಟಿಯಾಗುವುದಿಲ್ಲ ಎಂಬುದನ್ನು ನಾವೂ ಒಪ್ಪಬೇಕು. ಪಾಳಿಯ ಮೇಲೆ ನಿಂತವನಿಗೆ ಪ್ರಶ್ನೆ ಕೇಳುವ ಹಕ್ಕಿದೆಯೇ ಎಂಬುದೇ ಮುಖ್ಯ. ಬ್ರಿಟನ್ನಿನಲ್ಲಿ 1977ರ ನಿಯಮಗಳಿಂದ ಯೂನಿಯನ್ನುಗಳು ತಮ್ಮದೇ ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸುವಂತಾಯಿತು. ನಮ್ಮಲ್ಲಿ ಭೋಪಾಲದ 1984ರ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಕೂಡಿದ ಸುರಕ್ಷತಾ ಸಮಿತಿ ಇರಬೇಕೆಂದರು. ಕಾಗದದ ಮೇಲೆ ಬಂದದ್ದು ಯಂತ್ರದ ಬುಡಕ್ಕೆ ಎಷ್ಟು ಬಂತೆಂಬುದನ್ನು ಓದುಗರೇ ಬಲ್ಲರು.

ಫಿಟ್ಟರಿನ ಕೈಚಳಕವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅವನಿಗೆ ಗೊತ್ತಿರುವಷ್ಟು ಯಂತ್ರದ ನಾಡಿ ಎಷ್ಟೋ ಪದವೀಧರರಿಗೆ ಗೊತ್ತಿರುವುದಿಲ್ಲ. ಹಾಗಿದ್ದೂ ಅರ್ಧ ರಾತ್ರಿಯಲ್ಲಿ ಅವನ ತಲೆಯ ಮೇಲೆ ಮ್ಯಾನೇಜರು ನಿಂತು ಅವಸರಪಡಿಸುವಾಗ, ಅವನ ಬೆನ್ನಿಗೆ ಒಂದು ಕಾಗದವಿರಬೇಕು. ಗೇಟಿನ ಆಫೀಸಿನಲ್ಲಿ ಒಂದು ಪುಸ್ತಕವಿರಲಿ. ಏನನ್ನು ಬದಲಾಯಿಸಿದರು, ಬಲದ ಲೆಕ್ಕ ಹಾಕಿದವರಾರು, ಎಷ್ಟು ಒತ್ತಡಕ್ಕೆ ಪರೀಕ್ಷಿಸಿದರು, ಈ ತೇಪೆಯನ್ನು ಯಾವ ತಾರೀಖಿಗೆ ತೆಗೆಯುತ್ತಾರೆ ಎಂಬುದು ಅದರಲ್ಲಿ ಸಹಿಯೊಡನೆ ಬರೆದಿರಲಿ. ಆ ಪುಸ್ತಕವನ್ನು ಯಾವ ಪಾಳಿಯವನು ಕೇಳಿದರೂ ತೋರಿಸಬೇಕು. ಮುಂದಿನ ಬೇಡಿಕೆ ಪಟ್ಟಿ ತಯಾರಿಸುವ ಯೂನಿಯನ್ನುಗಳು ತುಟ್ಟಿಭತ್ಯದ ಕಲಮಿನ ಕೆಳಗೆ ಈ ಕಲಮನ್ನೂ ಸೇರಿಸಲಿ.