ತೈಲ ಅಗ್ಗವಾದಾಗ ಉಳಿಸಿದ್ದೇನು?

ಕಚ್ಚಾತೈಲದ ಶೇ. 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುವ ಭಾರತದಲ್ಲಿ ಡೀಸೆಲ್ ತುಟ್ಟಿಯಾದರೆ ಲಾರಿ ಬಾಡಿಗೆ ಏರುತ್ತದೆ. ಅಕ್ಕಿ, ತರಕಾರಿ, ಮೀನಿನ ದರ ಅದನ್ನು ಹಿಂಬಾಲಿಸುತ್ತದೆ. ಸೈಕಲ್ಲೂ ಇಲ್ಲದ ಮನೆ ಕೂಡ ತೈಲದ ದಂಡ ತೆರುತ್ತದೆ.

ಇದಕ್ಕೆಲ್ಲ ಅರಬರನ್ನು ದೂರುವುದು ಕೆಲವರಿಗೆ ಅಭ್ಯಾಸವಾಗಿದೆ. ಆದರೆ 2014ರ ಮಧ್ಯಭಾಗದಲ್ಲಿ ಬ್ಯಾರೆಲಿಗೆ 100 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿದಾಗ ನಡೆದದ್ದೇನು? ಅಷ್ಟರೊಳಗೆ ಕೇಂದ್ರ ಸರಕಾರ ಒಂಬತ್ತು ಬಾರಿ ಅಬಕಾರಿ ಸುಂಕ ಏರಿಸಿತ್ತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಿಂದ ಜನ ಕೂಲಿ ಕಳಕೊಂಡಿದ್ದಾಗ, ಡೀಸೆಲ್ ಮೇಲೆ ಲೀಟರಿಗೆ ಮತ್ತೆ 13 ರೂಪಾಯಿ ಹೇರಿತು. 2021 ಮತ್ತು 2022ರ ಕಡಿತಗಳು ಬಂದದ್ದು ಜನ ಬಸವಳಿದ ಮೇಲೆ.

ಪ್ರವಾದಿ ಯೂಸುಫ್(ಅ) ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ಬರಗಾಲಕ್ಕೆಂದು ಕಾದಿರಿಸಿದ್ದರು. ಅಗ್ಗದ ದಿನಗಳ ಸುಂಕದಲ್ಲಿ ಒಂದು ಪಾಲನ್ನು ದುಬಾರಿಯ ದಿನಗಳಿಗೆ ತೆಗೆದಿಡುವ ಕಾನೂನನ್ನು ಸಂಸತ್ತು ರೂಪಿಸಲಿ.