ಐಹೊಳೆಯಿಂದ ಕೋರ್ಟಿಗೆ ಎಷ್ಟು ದೂರ?

ಐಹೊಳೆಯಲ್ಲಿ ಮನೆಗೆ ಇನ್ನೊಂದು ಕೋಣೆ ಕಟ್ಟಿಸಬೇಕು ಅಂದ್ರೆ ಇಂಜಿನಿಯರ್‌ಗಿಂತ ಮೊದಲು ಕಾನೂನು ಗೊತ್ತಿರೋರು ಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಗುಡಿಗಳ ನಡುವೆಯೇ ಊರಿದೆ. ರಿಪೇರಿಗೂ ಅನುಮತಿ ಬೇಕು, ಸ್ಥಳಾಂತರದ ಮಾತು ಮಾತ್ರ ಮುಗಿಯುವುದೇ ಇಲ್ಲ. ಅತ್ತ ಆಲಮಟ್ಟಿ ಎತ್ತರ 519.6 ಮೀಟರ್‌ನಿಂದ 524.256ಕ್ಕೆ ಏರಿದರೆ ಬಾಗಲಕೋಟೆಯ ರೈತರ ಭೂಮಿ ಮುಳುಗುತ್ತದೆ. ಪರಿಹಾರದ ಜಗಳ ಎಲ್ಲಿ ತೀರ್ಮಾನ ಆಗುತ್ತೆ? ಕೋರ್ಟಿನಲ್ಲಿ.

ಇಂಥ ಜಿಲ್ಲೆಯಲ್ಲಿ ಪಿಯುಸಿ ಮುಗಿಸಿದವರು ಲಾ ಓದ್ತೀನಿ ಅಂದ್ರೆ ಮನೆಯವರು ಕೇಳೋದು, 'ಕರಿ ಕೋಟ್ ಹಾಕ್ಕೊಂಡು ಏನ್ ಗಳಿಸ್ತಿ?' ಯೋಚಿಸದೆ ಇಂಜಿನಿಯರಿಂಗ್ ಸೇರಿ ಆಮೇಲೆ ದಾರಿ ಬದಲಿಸಿದ ನನಗೆ ಆ ಪ್ರಶ್ನೆ ತಪ್ಪು ಅನ್ನಿಸುವುದಿಲ್ಲ. ಅದಕ್ಕೆ ಪ್ರಾಮಾಣಿಕ ಉತ್ತರ ಬೇಕು.

ಮೊದಲು ಪ್ರವೇಶ. ಲಾ ಅಂದ್ರೆ ಕ್ಲ್ಯಾಟ್ ಅಷ್ಟೇ ಅನ್ನೋ ಭ್ರಮೆ ಬಿಡಿ. ಕ್ಲ್ಯಾಟ್ ಎಂದರೆ ಎರಡು ಗಂಟೆಯಲ್ಲಿ 120 ಪ್ರಶ್ನೆ, ಎಲ್ಲವೂ ಇಂಗ್ಲಿಷ್‌ನಲ್ಲಿ. ಅದಕ್ಕೆ ತಯಾರಾಗಲು ಸಾಧ್ಯವಿದ್ದವರು ಖಂಡಿತ ಬರೆಯಿರಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25ರ ಮೀಸಲಾತಿಯೂ ಇದೆ. ಆದರೆ ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಬಾಗಿಲು ಬೇರೆ. ಪಿಯುಸಿ ನಂತರ ಐದು ವರ್ಷ ಅಥವಾ ಡಿಗ್ರಿ ನಂತರ ಮೂರು ವರ್ಷ. ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಸಾಕು. ಉತ್ತರ ಕನ್ನಡದಲ್ಲೂ ಬರೆಯಬಹುದು. ಪದವಿಯ ನಂತರದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಕನ್ನಡದಲ್ಲಿದೆ. ಆದರೆ ಹೈಕೋರ್ಟ್ ಭಾಷೆ ಇಂಗ್ಲಿಷ್. ಧಾರವಾಡ ಪೀಠದ ಕನಸಿದ್ದರೆ ಓದುವಾಗಲೇ ಅದನ್ನೂ ಗಟ್ಟಿ ಮಾಡಿಕೊಳ್ಳಿ.

ಅಂದರೆ ಒಳಗೆ ಹೋಗೋದು ಅಷ್ಟು ಕಷ್ಟವಲ್ಲ. ಕಷ್ಟ ಇರೋದು ಪದವಿ ಬಂದ ಮೇಲೆ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಹೊರೆ ಇಳಿಸಿತು. ನೋಂದಣಿಗೆ ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದಿತು. 2025ರ ಮೇ 20ರಂದು ಅದೇ ಕೋರ್ಟ್ ಇನ್ನೊಂದು ಹೊರೆ ಹೊರಿಸಿತು: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ. ಕೋರ್ಟು ಕಾಣದವರು ತೀರ್ಪು ಬರೆಯಬಾರದು ಅನ್ನೋ ತರ್ಕ ಸರಿ. ಆದರೆ ಆ ಮೂರು ವರ್ಷ ಅನ್ನ ಹಾಕೋರು ಯಾರು? ಕಿರಿಯ ವಕೀಲರಿಗೆ ನಗರದಲ್ಲಿ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಎಂದು ವಕೀಲರ ಪರಿಷತ್ತು 2024ರಲ್ಲಿ ಹೇಳಿತು. ಅದು ಶಿಫಾರಸು ಮಾತ್ರ, ಆದೇಶವಲ್ಲ. ತಂದೆಗೆ ಆಸ್ತಿ ಇದ್ದವರು ತಡಕೊಳ್ತಾರೆ. ಇಳಕಲ್ಲಿನ ನೇಕಾರರ ಮಗಳು? ಹೀಗೆ ನ್ಯಾಯಪೀಠಕ್ಕೆ ಯಾರು ಬರಬೇಕು ಅನ್ನೋದು ಮನೆಯ ಆದಾಯದಿಂದಲೇ ತೀರ್ಮಾನವಾಗುವ ಅಪಾಯವಿದೆ.

ಪರಿಶಿಷ್ಟ ಸಮುದಾಯದ ಕಾನೂನು ಪದವೀಧರರಿಗೆ ಸರ್ಕಾರ ತರಬೇತಿ ಭತ್ಯೆ ಕೊಡುತ್ತದೆ. ಅಂದರೆ ದಾರಿ ಗೊತ್ತಿದೆ. ತಾಲ್ಲೂಕು ಕೋರ್ಟುಗಳಲ್ಲಿ ಕೆಲಸ ಕಲಿಯುವ ಎಲ್ಲ ಬಡ ಪದವೀಧರರಿಗೂ ಅದು ಸಿಗಲಿ, ಮೊತ್ತ ಬದುಕುವಷ್ಟಿರಲಿ. ಲಾ ಆರಿಸುವವರಿಗೆ ನನ್ನದೊಂದೇ ಮಾತು: ಕಾಲೇಜಿನ ಫೀ ಜೊತೆಗೆ ಈ ಮೂರು ವರ್ಷದ ಲೆಕ್ಕವನ್ನೂ ಈಗಲೇ ಹಾಕಿ. ಆ ಲೆಕ್ಕ ಕೂಡದಿದ್ದರೆ ಕನಸು ಬಿಡಬೇಡಿ, ಸರ್ಕಾರವನ್ನು ಕೇಳಿ.